ಶರೀಫಜ್ಜನ ಪದ, ಅಶ್ವಥ್ ಅವರ ಕ್ಯಾಸೆಟ್ಟು, ನಮ್ಮ ಭಜನೆ

ಹೋದ ಶ್ರಾವಣದಲ್ಲಿ ಈರಣ್ಣಸ್ವಾಮಿ ಜಾತ್ರೆಗೆ ಅಂತ ಬೆಂಗಳೂರಿನಿಂದ ಬಂದ ನಮ್ಮೂರ ಹುಡುಗನೊಬ್ಬ ವಾಚನಾಲಯಕ್ಕೆ ಒಂದು ಪೆಟ್ಟಿಗೆ ತಂದುಕೊಟ್ಟ. ಗಟ್ಟಿ ರಟ್ಟಿನ ಪೆಟ್ಟಿಗೆ, ಮೇಲೆ ಶರೀಫ ಸಾಹೇಬರ ಚಿತ್ರ. ಒಳಗೆ ಮೂರು ಸಿ.ಡಿ., ಒಂದು ಪೆನ್ ಡ್ರೈವ್, ನುಣುಪು ಹಾಳೆಯ ಒಂದು ಸಣ್ಣ ಪುಸ್ತಕ. ಸಿ. ಅಶ್ವಥ್ ಅವರು ಮಟ್ಟು ಹಾಕಿದ ಶರೀಫರ ಪದಗಳು. ಹಿಂದೆ ಕ್ಯಾಸೆಟ್ಟಿನಲ್ಲಿ ಬಂದಿದ್ದವನ್ನು ಸಪ್ಪಳ ತೆಗೆದು, ತೊಳೆದು, ಮತ್ತೆ ಹೊರಗೆ ತಂದಿದ್ದಾರೆ. "ತಾತಾ, ನೀನು ಹಾಡೋ ಪದ ಎಲ್ಲಾ ಇದ್ರಾಗ ಅದಾವು ನೋಡು" ಅಂದ ಹುಡುಗ. ಎಲ್ಲಾ ಇರಲಿಲ್ಲ. ಆ ಮಾತು ಮುಂದೆ ಹೇಳ್ತೀನಿ.

ಅವತ್ತು ಸಂಜೆ ವಾಚನಾಲಯದ ಕಟ್ಟೆ ಮೇಲೆ ಹತ್ತು ಹದಿನೈದು ಮಂದಿ ಕೂಡಿದೆವು. ಪೆನ್ ಡ್ರೈವ್ ಸ್ಪೀಕರಿಗೆ ಹಾಕಿ ಒಂದೊಂದೇ ಪದ ಕೇಳಿದೆವು. ನಮ್ಮ ಟೈಲರ್ ಅಣ್ಣ ಸುಮ್ಮನೆ ಕೂಡಲಿಲ್ಲ. ಮನೆಗೆ ಹೋಗಿ ತನ್ನ ಹಳೇ ಟೇಪ್ ರೆಕಾರ್ಡರ್, ಹಳೇ ಕ್ಯಾಸೆಟ್ಟು ಹೊತ್ತು ತಂದ. ಒಂದೇ ಪದ, ಹಳೇದು ಒಮ್ಮೆ, ಹೊಸದು ಒಮ್ಮೆ. ಆಗ ಶುರುವಾಯಿತು ನೋಡ್ರಿ ಜಗಳ.

ಟೈಲರ್ ಅಣ್ಣ, "ಹಳೇದರಾಗ ಇರೋ ಜೀವ ಹೊಸದರಾಗ ಇಲ್ಲ" ಅಂದ. ಹುಡುಗ, "ಮಾಮಾ, ಅದು ಜೀವ ಅಲ್ಲ, ಟೇಪು ಸುಯ್ ಅನ್ನೋ ಸಪ್ಪಳ" ಅಂದ. ಅಂಗನವಾಡಿ ಅಕ್ಕ, "ಯಾವುದಾದ್ರೇನು, ಮಾತು ತಿಳೀಬೇಕಪ್ಪ. ಹೊಸದರಾಗ ಮಾತು ಬಿಡಿಬಿಡಿಯಾಗಿ ಕೇಳ್ತಾವು" ಅಂದಳು. ಮೇಷ್ಟ್ರು ಪುಸ್ತಕ ತಿರುವಿ ಹಾಕಿ, "ಪದಗಳ ಪೂರ್ತಿ ಪಾಠ ಕೊಟ್ಟಿಲ್ಲ, ಹಾಡಿದಷ್ಟೇ ಅಚ್ಚು ಹಾಕ್ಯಾರ" ಅಂದರು. ನಮ್ಮ ಹಾರ್ಮೋನಿಯಂ ಅಣ್ಣ ಅಷ್ಟೊತ್ತನಕ ಬಾಯಿ ಬಿಟ್ಟಿರಲಿಲ್ಲ. ಕಡೆಗೆ ಮೆಲ್ಲಗೆ ಕೇಳಿದ: "ಸಾರ್, ಇದಕ್ಕೆ ಹಾರ್ಮೋನಿಯಂ ಹಿಡಿದವ್ರು ಯಾರು ಅಂತ ಬರೆದಾರೇನು ನೋಡ್ರಿ." ಮೇಷ್ಟ್ರು ಮೊದಲಿಂದ ಕಡೆಯ ಹಾಳೆಯವರೆಗೆ ಹುಡುಕಿದರು. ಬರೆದಿರಲಿಲ್ಲ.

ಆ ರಾತ್ರಿ ಮನೆಗೆ ಹೋದ ಮೇಲೂ ಈ ಐದು ಮಾತು ನನ್ನ ತಲೆಯಲ್ಲಿ ತಿರುಗಿದವು. ಐದೂ ಖರೇನೇ. ನಾನು ನಾಲ್ವತ್ತು ವರ್ಷದಿಂದ ಭಜನೆಯಲ್ಲಿ ಮುಂದೆ ಕೂತು ಹಾಡುವವನು. ಹಾಡುವವನ ಕಿವಿಗೆ ಏನು ಕೇಳಿಸಿತೋ ಅದನ್ನು ಬರೀತೀನಿ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಮೊದಲು ಈ ಪದಗಳ ಹಿನ್ನೆಲೆ. ಶರೀಫ ಸಾಹೇಬರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಊರು ಶಿಶುವಿನಹಾಳ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನದು. ಕೆಲವು ಕಾಲ ಸಾಲಿ ಮಾಸ್ತರಿಕೆ ಮಾಡಿದವರು. ಗುರು ಕಳಸದ ಗೋವಿಂದಭಟ್ಟರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಆ ಕಾಲದಲ್ಲಿ ಎರಡೂ ಕಡೆಯವರು ಮೂಗು ಮುರಿದರು, ಗುರು ಶಿಷ್ಯ ಇಬ್ಬರೂ ಲೆಕ್ಕಕ್ಕೆ ಇಡಲಿಲ್ಲ. ಅವರ ಪದ ನಿಂತದ್ದು ಜನರ ಬಾಯಲ್ಲಿ, ಭಜನೆಯಲ್ಲಿ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಮಟ್ಟು. ಹೀಗೆ ನೂರು ವರ್ಷ ನಡೆಯಿತು.

ಸಿ. ಅಶ್ವಥ್ ಅವರು ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡು ಕಟ್ಟಿದವರು. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳನ್ನು ಪಟ್ಟಣದ ಮಂದಿಗೆ ಮುಟ್ಟಿಸಲು ದುಡಿದರು, ಅಶ್ವಥ್ ಮಟ್ಟು ಹಾಕಿದರು. ಅಶ್ವಥ್ ತಾವೂ ಹಾಡಿದರು, ಶಿವಮೊಗ್ಗ ಸುಬ್ಬಣ್ಣನವರೂ ಹಾಡಿದರು. 1980ರ ದಶಕದಲ್ಲಿ ಕ್ಯಾಸೆಟ್ಟಾಗಿ ನಮ್ಮ ಕಡೆ ಬಂದವು. 1990ರಲ್ಲಿ ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಶ್ರೀಧರ್ ಅವರು ಶರೀಫ, ಗಿರೀಶ ಕಾರ್ನಾಡರು ಗೋವಿಂದಭಟ್ಟ, ಸಂಗೀತ ಅಶ್ವಥ್ ಅವರದೇ. ಅಲ್ಲಿಗೆ ಶರೀಫರ ಪದ ಅಂದರೆ ಅಶ್ವಥ್ ಮಟ್ಟು ಅಂತ ಗಟ್ಟಿಯಾಯಿತು. ಅಶ್ವಥ್ 2009ರಲ್ಲಿ ತಾವು ಹುಟ್ಟಿದ ದಿನವೇ, ಡಿಸೆಂಬರ್ 29ಕ್ಕೆ, ಹೋದರು. ಸುಬ್ಬಣ್ಣನವರು 2022ರಲ್ಲಿ ಹೋದರು. ಇಬ್ಬರೂ ಇಲ್ಲದ ಮೇಲೆ ಉಳಿದದ್ದು ಪೆಟ್ಟಿಗೆ.

ಆ ಕ್ಯಾಸೆಟ್ಟು ನಮಗೆ ಏನು ಮಾಡಿತು ಅನ್ನೋದನ್ನು ಮೊದಲು ಹೇಳಬೇಕು. ಋಣ ತೀರಿಸದೆ ದೂರು ಹೇಳಬಾರದು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆ ಹೋದವು. ನಮ್ಮ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು. ನಮ್ಮ ಭಜನೆಯಲ್ಲಿ ವೀರಬ್ರಹ್ಮಂ ಸ್ವಾಮಿಯ ತೆಲುಗು ತತ್ವಗಳೂ ಇದ್ದವು, ಕಡಕೋಳ ಮಡಿವಾಳಪ್ಪನವರ ಕನ್ನಡ ಪದಗಳೂ ಇದ್ದವು. ಶರೀಫರ ಪದ ನಮಗೆ ಬರುತ್ತಿದ್ದದ್ದು ಮೂರೋ ನಾಲ್ಕೋ. ಕ್ಯಾಸೆಟ್ಟು ಬಂದ ಮೇಲೆ ಅವು ಹದಿನೈದು ಇಪ್ಪತ್ತು ಆದವು. ಆದವಾನಿಯ ಹತ್ತಿ ಮಾರ್ಕೆಟ್ಟಿಗೆ ಬಂಡಿ ಹೊಡೆದುಕೊಂಡು ಹೋದವರು ಬರುವಾಗ ಕ್ಯಾಸೆಟ್ಟು ತಂದರು. ಕನ್ನಡ ಅಕ್ಷರ ಬರದ ಹೆಣ್ಣುಮಕ್ಕಳು ಹತ್ತಿ ಬಿಡಿಸುತ್ತಾ ಶರೀಫರ ಪದ ಅಂದರು. ಗಡಿಯ ಈ ಕಡೆ ಉಳಿದ ಕನ್ನಡಕ್ಕೆ ಆ ಕ್ಯಾಸೆಟ್ಟು ಒಂದು ಸಾಲಿ ಇದ್ದಂಗೆ ಇತ್ತು. ಈ ಮಾತಿಗೆ ನಾನೇ ಸಾಕ್ಷಿ.

ಹಾಡಿಕೆಯ ಮಾತು ತಗೊಂಡರೆ, ಅಶ್ವಥ್ ಅವರಷ್ಟು ಗಂಟಲು ಬಿಟ್ಟು ಹಾಡಿದವರು ಆಗ ಕಮ್ಮಿ. ಕವಿತೆ ಹಾಡೋದು ಅಂದರೆ ಮೆತ್ತಗೆ, ಸಕ್ಕರೆ ಹಚ್ಚಿದಂಗೆ ಹಾಡೋದು ಅನ್ನೋ ರೂಢಿ ಇತ್ತು. ಇವರು ಎದೆಯಿಂದ ಎತ್ತಿ, ದೂರದ ಹೊಲದಲ್ಲಿ ಇರುವವನನ್ನು ಕರೆದಂಗೆ ಹಾಡಿದರು. ಸೋರುವ ಮಾಳಿಗೆ ಪದ ಕೇಳ್ರಿ. ನಮ್ಮ ಕಡೆ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬಾಳಿದವರಿಗೆ ಮಳೆಗಾಲದ ರಾತ್ರಿ ಗೊತ್ತು. ಒಂದು ಕಡೆ ಬೋಗುಣಿ ಇಟ್ಟರೆ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ಆ ದಿಕ್ಕುತಪ್ಪಿದ ಸಂಕಟ ಅವರ ದನಿಯಲ್ಲಿ ಇದೆ. ಮಾಳಿಗೆ ಅಂದರೆ ಮನಸ್ಸು ಅಂತ ಯಾರೂ ಬಿಡಿಸಿ ಹೇಳದೆ ಕೇಳುವವನಿಗೆ ಹೊಳೆಯುತ್ತದೆ. ಇದು ದೊಡ್ಡ ಹಾಡುಗಾರನ ಕೆಲಸ. ಇದನ್ನು ನಾನು ಸಣ್ಣದು ಮಾಡಲಾರೆ.

ಈಗ ಹಳೇದು ಹೊಸದರ ಜಗಳಕ್ಕೆ ಬರ್ತೀನಿ. ಟೇಪು ಯಂತ್ರದ ತಲೆಗೆ ತಿಕ್ಕುತ್ತಾ ಹೋಗುವಾಗ ಸುಯ್ ಅನ್ನೋ ಒಂದು ಸಪ್ಪಳ ಇರುತ್ತದೆ. ಅದು ಸಣ್ಣ ದನಿಯ, ಎತ್ತರ ಸ್ವರದ ಸಪ್ಪಳ. ಕಷ್ಟ ಏನಂದರೆ ಕಂಚಿನ ತಾಳದ ಕಿಣಿಕಿಣಿ, ಹಾಡುಗಾರ 'ಸ' 'ಶ' ಅನ್ನುವಾಗ ಬರುವ ಗಾಳಿ, ಇವೂ ಅದೇ ಎತ್ತರದಲ್ಲಿ ಇರುತ್ತವೆ. ಸುಯ್ ತೆಗೆಯಲು ಹೋದರೆ ಇವಕ್ಕೂ ಕೈ ಬೀಳುತ್ತದೆ. ಕಣದಲ್ಲಿ ಜೋಳ ತೂರಿದವರಿಗೆ ಇದು ತಿಳಿಯುತ್ತದೆ. ಗಾಳಿ ಹದವಾಗಿ ಇದ್ದರೆ ಹೊಟ್ಟು ಹೋಗಿ ಕಾಳು ನಿಲ್ಲುತ್ತದೆ. ಗಾಳಿ ಹೆಚ್ಚಾದರೆ ಹೊಟ್ಟಿನ ಜತೆ ಸಣ್ಣ ಕಾಳೂ ಹಾರಿ ಹೋಗುತ್ತದೆ. ಈ ಪೆಟ್ಟಿಗೆಯಲ್ಲಿ ಕೆಲವು ಪದಗಳಿಗೆ ಗಾಳಿ ಹದವಾಗಿದೆ, ಕೆಲವಕ್ಕೆ ಹೆಚ್ಚಾಗಿದೆ. ಎರಡನೇ ಸಿ.ಡಿ.ಯಲ್ಲಿ ತಾಳದ ದನಿ ಬಟ್ಟೆ ಮುಚ್ಚಿ ಬಾರಿಸಿದಂಗೆ ಕೇಳುತ್ತದೆ.

ಇನ್ನೊಂದು ಕೆಲಸ ಮಾಡಿದ್ದಾರೆ. ಮೆಲ್ಲಗೆ ಇದ್ದದ್ದನ್ನು ಎತ್ತಿ, ಜೋರು ಇದ್ದದ್ದರ ಸಮಕ್ಕೆ ತಂದಿದ್ದಾರೆ. ಫೋನಿನಲ್ಲಿ, ಟ್ರ್ಯಾಕ್ಟರಿನಲ್ಲಿ ಕೇಳುವವರಿಗೆ ಇದು ಅನುಕೂಲ. ಆದರೆ ತತ್ವಪದಕ್ಕೆ ಒಂದು ನಡೆ ಇದೆ. ಮೇಲೆ ಹೋಗಿ ಹೋಗಿ, ಕಡೆಯ ನುಡಿಯಲ್ಲಿ ಗುರುವಿನ ಅಂಕಿತ ಬಂದಾಗ ಹಾಡುವವನು ದನಿ ತಗ್ಗಿಸುತ್ತಾನೆ. ಅದು ತಲೆ ಬಾಗಿದ ಗುರುತು. ಟೈಲರ್ ಅಣ್ಣನ ಕ್ಯಾಸೆಟ್ಟಿನಲ್ಲಿ ಆ ತಗ್ಗು ಕೇಳಿಸಿತು. ಹೊಸದರಲ್ಲಿ ಅಂಕಿತವೂ ಪಲ್ಲವಿಯಷ್ಟೇ ಜೋರು. ಅಣ್ಣ "ಜೀವ ಇಲ್ಲ" ಅಂದದ್ದು ಇದಕ್ಕೇ ಇರಬೇಕು. ಅವನಿಗೆ ಹೀಗೆ ಅಂತ ಬಿಡಿಸಿ ಹೇಳಲು ಬರಲಿಲ್ಲ, ಕಿವಿ ಮಾತ್ರ ಸರಿಯಾಗಿ ಹಿಡಿದಿತ್ತು.

ಹಂಗಂತ ಹುಡುಗನ ಮಾತೂ ಸುಳ್ಳಲ್ಲ, ಅಂಗನವಾಡಿ ಅಕ್ಕನ ಮಾತೂ ಸುಳ್ಳಲ್ಲ. ಹೊಸದರಲ್ಲಿ ಎಡಗೈ ತಬಲಾ ಗುಂ ಅನ್ನೋದು ಮೊದಲ ಸಲ ಪೂರ್ತಿ ಕೇಳಿದೆ. ಒಂದು ಪದದ ಎರಡನೇ ನುಡಿಯಲ್ಲಿ ಒಂದು ಮಾತನ್ನು ನಾನು ಮೂವತ್ತು ವರ್ಷ ತಪ್ಪಾಗಿ ಹಾಡಿಕೊಂಡು ಬಂದಿದ್ದೆ. ಸವೆದ ಟೇಪಿನಲ್ಲಿ ಕೇಳಿ ಕಲಿತದ್ದು ಅದು. ಹೊಸದರಲ್ಲಿ ಕೇಳಿ ತಿದ್ದಿಕೊಂಡೆ. ಇದಕ್ಕೆ ಪೆಟ್ಟಿಗೆ ಮಾಡಿದವರಿಗೆ ಶರಣು.

ಆದರೆ ಹಳೇ ಕ್ಯಾಸೆಟ್ಟಿಗೂ ಹೊಸ ಪೆಟ್ಟಿಗೆಗೂ ಕೂಡಿ ಒಂದು ಕೊರತೆ ಇದೆ. ನಾನು ಬರೆಯಲು ಕೂತದ್ದು ಅದಕ್ಕೇ.

ನಮ್ಮ ಭಜನೆಯಲ್ಲಿ ಒಂದು ತತ್ವಪದ ಹಾಡಲು ಹತ್ತು ಹದಿನೈದು ನಿಮಿಷ ಬೇಕು. ಮುಂದಿನವನು ಒಂದು ಸಾಲು ಎತ್ತುತ್ತಾನೆ, ಹಿಮ್ಮೇಳದವರು ತಿರುಗಿ ಅನ್ನುತ್ತಾರೆ. ಒಂದು ನುಡಿ ಮುಗಿದ ಮೇಲೆ ತಾಳ ನಿಲ್ಲುತ್ತದೆ. ಆಗ ಮುಂದಿನವನು ಅರ್ಥ ಹೇಳುತ್ತಾನೆ. ಇಲ್ಲವೆ ಎದುರು ಮೇಳದವರು ಸವಾಲು ಹಾಕುತ್ತಾರೆ: "ಕೋಳಿ ಕೋಡಗನ್ನ ನುಂಗಿತು ಅಂತೀಯಲ್ಲ, ಆ ಕೋಳಿ ಯಾವುದು, ಕೋಡಗ ಯಾವುದು, ಹೇಳು." ಹೇಳಲು ಬಂದರೆ ಮುಂದಿನ ನುಡಿ, ಬರದಿದ್ದರೆ ಎದುರಿನವನ ಕೈಗೆ ತಾಳ. ಬೆಡಗಿನ ಪದ ಅನ್ನೋದು ಗಂಟು ಹಾಕಿದ ಪದ. ಬಿಡಿಸುವ ಜಾಗ ನುಡಿ ನುಡಿಯ ನಡುವೆ ಇರುತ್ತದೆ. ಕೋಡಗ ಅಂದರೆ ಮಂಗ, ಮಂಗ ಅಂದರೆ ಮನಸ್ಸು ಅಂತ ಒಬ್ಬರು ಬಿಡಿಸುತ್ತಾರೆ. ನನ್ನ ಗುರುಗಳು ಬೇರೆ ಥರ ಬಿಡಿಸುತ್ತಿದ್ದರು. ಎರಡೂ ನಡೆಯುತ್ತಿತ್ತು.

ಕ್ಯಾಸೆಟ್ಟಿಗೆ ಆ ಜಾಗ ಇಲ್ಲ. ಅರವತ್ತು ನಿಮಿಷದ ಟೇಪು, ಒಂದು ಮಗ್ಗುಲಿಗೆ ಮೂವತ್ತು ನಿಮಿಷ. ಅದರಲ್ಲಿ ಐದಾರು ಪದ ಕೂಡಿಸಬೇಕು ಅಂದರೆ ಒಂದಕ್ಕೆ ಐದು ನಿಮಿಷ. ಇದಕ್ಕೂ ಮೊದಲು ಗ್ರಾಮಫೋನ್ ತಟ್ಟೆ ಇದ್ದಾಗ ಮೂರೇ ನಿಮಿಷ. ಹಾಗಾಗಿ ನುಡಿಗಳನ್ನು ಕಮ್ಮಿ ಮಾಡಬೇಕು, ನಡುವಿನ ಜಾಗಕ್ಕೆ ಕೊಳಲು, ಪಿಟೀಲು ತುಂಬಬೇಕು. ಕೇಳಲು ಇಂಪು. ಆದರೆ ಅರ್ಥ ಬಿಡಿಸುವ ಹೊತ್ತಿನಲ್ಲಿ ಕೊಳಲು ಬಂದು ಕೂತರೆ ಗಂಟು ಗಂಟಾಗೇ ಉಳಿಯುತ್ತದೆ. ಕೋಡಗದ ಪದಕ್ಕೆ ಈಗ ಸಾಲಿಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಕೋಳಿ ಕೊಕ್ಕು, ಮಂಗನ ಬಾಲ ಕಟ್ಟಿಕೊಂಡು ಕುಣೀತಾರೆ. ಕುಣೀಲಿ, ತಪ್ಪಿಲ್ಲ, ಮಕ್ಕಳ ಬಾಯಲ್ಲಿ ಶರೀಫರು ಇದ್ದರೆ ಸಾಕು. ಆದರೆ ಗುರುವಿನ ಪಾದ ಹಿಡಿದ ಮೇಲೆ ಸಣ್ಣದು ದೊಡ್ಡದನ್ನು ನುಂಗಿತು, ಲೋಕ ತಲೆಕೆಳಗಾಗಿ ಕಂಡಿತು ಅನ್ನೋ ಮಾತು ಆ ಕುಣಿತದಲ್ಲಿ ಎಲ್ಲೂ ಇಲ್ಲ.

ಪದಗಳನ್ನು ಆರಿಸಿದ್ದರಲ್ಲೂ ಒಂದು ಮಾತಿದೆ. ಶರೀಫರು ಮೊಹರಂ ಪದಗಳನ್ನೂ ಕಟ್ಟಿದವರು. ನಮ್ಮ ಸೀಮೆಯಲ್ಲಿ ಪೀರಲ ಹಬ್ಬ ಅಂದರೆ ಎಲ್ಲಾ ಜಾತಿಯವರ ಹಬ್ಬ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ ಪದ ಹಾಡುವುದು ಇಂದಿಗೂ ಇದೆ. ನಾನು ಕೇಳಿದ ಕ್ಯಾಸೆಟ್ಟಿನಲ್ಲಾಗಲಿ ಈ ಪೆಟ್ಟಿಗೆಯಲ್ಲಾಗಲಿ ಮೊಹರಂ ಪದ ಒಂದೂ ಇಲ್ಲ. ಹುಡುಗನಿಗೆ "ಎಲ್ಲಾ ಇಲ್ಲಪ್ಪ" ಅಂದದ್ದು ಇದಕ್ಕೆ. ಶರೀಫ ಸಾಹೇಬರ ಅರ್ಧ ಬಾಳು ಹೊರಗೇ ನಿಂತಿದೆ.

ಈ ಕೊರತೆಯಿಂದ ಆಗೋ ನಷ್ಟ ನಾನು ಕಣ್ಣಾರೆ ಕಂಡೆ. ಕೆಲವು ವರ್ಷದ ಹಿಂದೆ ನಮ್ಮ ಓಣಿಯ ಹುಡುಗಿಯೊಬ್ಬಳು, ತಂಗಿಗೆ ಅಳಬ್ಯಾಡ ಅಂತ ಹೇಳುವ ಪದವನ್ನು ನನ್ನ ಹತ್ತಿರ ಕಲಿತು ಒಂದು ಊರಿನ ಹಾಡಿನ ಸ್ಪರ್ಧೆಗೆ ಹೋದಳು. ನನ್ನ ಗುರುಗಳ ಮಟ್ಟು ಅದು. ಮದುವೆ ಮನೆಯಲ್ಲಿ ಹೆಣ್ಣು ಒಪ್ಪಿಸುವಾಗ ಮುತ್ತೈದೆಯರು ಹಾಡುವ ಹಾಡಿನ ನಡೆ ಅದಕ್ಕೆ. ಹುಡುಗಿ ಚೆನ್ನಾಗಿ ಹಾಡಿದಳು. ತೀರ್ಪು ಹೇಳುವವರು "ದನಿ ಚೆಂದ ಐತಮ್ಮ, ಆದ್ರ ಧಾಟಿ ತಪ್ಪು. ಕ್ಯಾಸೆಟ್ ಕೇಳಿ ಕಲ್ತು ಬಾ" ಅಂದರು. ಹುಡುಗಿ ಮನೆಗೆ ಬಂದು, "ತಾತಾ, ನೀ ನನಗ ತಪ್ಪು ಹೇಳಿಕೊಟ್ಟೀಯಂತ" ಅಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಶ್ವಥ್ ಹುಟ್ಟೋ ಮೊದಲೇ ಇದ್ದ ಮಟ್ಟು ತಪ್ಪಾಯಿತು. ಅಶ್ವಥ್ ಅವರೇ ಕೇಳಿದ್ದರೆ ತಪ್ಪು ಅನ್ನುತ್ತಿರಲಿಲ್ಲ, ಅವರು ಅಂಥವರಲ್ಲ ಅಂತ ಅವರ ಹಾಡು ಕೇಳಿದವನಾಗಿ ನಾನು ನಂಬುತ್ತೀನಿ. ಒಂದೇ ಬೀಜ ಎಲ್ಲಾ ಹೊಲಕ್ಕೂ ಬಿತ್ತಿದಂಗೆ ಆಗಿದೆ ಇದು. ಆ ಬೀಜ ಒಳ್ಳೇದೇ ಇರಬಹುದು. ಆದರೆ ಮನೆಯ ಗುಮ್ಮಿಯಲ್ಲಿದ್ದ ಜೋಳದ ಬೀಜ ಒಮ್ಮೆ ಹೋಯಿತು ಅಂದರೆ ಅಂಗಡಿಯಲ್ಲಿ ಸಿಗೋದಿಲ್ಲ.

ಪರರ ಮೇಲೆ ಹೇಳಿ ನನ್ನದನ್ನು ಮುಚ್ಚಿಟ್ಟರೆ ಬರೆದದ್ದಕ್ಕೆ ಬೆಲೆ ಇರೋದಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ, ಒಬ್ಬರ ಮನೆಯಿಂದ ಟೇಪ್ ರೆಕಾರ್ಡರ್ ಕೇಳಿ ತಂದು ನನ್ನ ಗುರುಗಳ ಒಂದು ರಾತ್ರಿಯ ಭಜನೆ ತುಂಬಿಸಿ ಇಟ್ಟಿದ್ದೆ. ಅರವತ್ತು ನಿಮಿಷದ ಟೇಪು. ಒಂದೆರಡು ವರ್ಷ ಆದ ಮೇಲೆ ಶರೀಫರ ಕ್ಯಾಸೆಟ್ಟಿನ ಹುಚ್ಚು ಹತ್ತಿತು. ಆಗ ಆದವಾನಿಯಲ್ಲಿ ನಾವು ಒಯ್ದ ಟೇಪಿಗೆ ಹಾಡು ತುಂಬಿಕೊಡುವ ಅಂಗಡಿಗಳು ಇದ್ದವು. ಹೊಸ ಟೇಪು ಕೊಳ್ಳಲು ರೊಕ್ಕ ಇರಲಿಲ್ಲ. ಗುರುಗಳು ಇನ್ನೂ ಗಟ್ಟಿಯಾಗೇ ಇದ್ದಾರಲ್ಲ, ಮತ್ತೆ ಯಾವಾಗಾದರೂ ತುಂಬಿದರಾಯಿತು ಅಂತ ಅದೇ ಟೇಪು ಒಯ್ದು ಕೊಟ್ಟೆ. ಗುರುಗಳ ಮೇಲೆ ಶರೀಫರ ಪದ ಬಂದು ಕೂತವು. ಮತ್ತೆ ತುಂಬುವ ಯೋಗ ಬರಲಿಲ್ಲ. ಆ ಬೇಸಿಗೆಯಲ್ಲೇ ಗುರುಗಳು ತೀರಿಕೊಂಡರು.

ಆ ಟೇಪು ಈಗಲೂ ಇದೆ. ಎರಡನೇ ಮಗ್ಗುಲಿನಲ್ಲಿ ಕಡೆಯ ಪದ ಮುಗಿದ ಮೇಲೆ ಟೇಪು ಸ್ವಲ್ಪ ಉಳಿದಿತ್ತು. ಅಂಗಡಿಯವನು ಅಲ್ಲಿ ಏನೂ ತುಂಬಲಿಲ್ಲ. ಕಟ್ ಅಂತ ಒಂದು ಸಪ್ಪಳ, ಆಮೇಲೆ ಎರಡು ನಿಮಿಷ ನನ್ನ ಗುರುಗಳು ಇದ್ದಾರೆ. ಸೋರುವ ಮಾಳಿಗೆ ಪದದ ಕಡೆಯ ನುಡಿ, ಅವರದೇ ಮಟ್ಟಿನಲ್ಲಿ. ನಡುವೆ ಒಬ್ಬರು ಕೆಮ್ಮುತ್ತಾರೆ. ಗುರುಗಳು ಹಾಡು ನಿಲ್ಲಿಸಿ, "ನೀರು ಕೊಡ್ರೋ" ಅಂತಾರೆ. ನೀರು ಕುಡಿದು, "ಮನಿ ಸೋರಿದ್ರ ಮ್ಯಾಲೆ ಮಣ್ಣು ಹಾಕ್ಬಹುದು, ಮನಸು ಸೋರಿದ್ರ?" ಅಂತ ಕೇಳ್ತಾರೆ. ಯಾರೋ ಏನೋ ಅನ್ನಲು ಬಾಯಿ ತೆಗೀತಾರೆ, ಅಲ್ಲಿಗೆ ಟೇಪು ಮುಗಿಯುತ್ತದೆ. ಆ ಪದದ ಮೊದಲ ನುಡಿಗಳ ಮಟ್ಟು ನನಗೇ ಮರೆತುಹೋಗಿದೆ. ಹಾಡಲು ಕೂತರೆ ಅಶ್ವಥ್ ಅವರ ಮಟ್ಟೇ ಬಾಯಿಗೆ ಬರುತ್ತದೆ.

ಇದನ್ನು ಮೇಷ್ಟ್ರಿಗೆ ಹೇಳಿದೆ. ಅವರು ಫೋನು ತೆಗೆದು ಹೊರದೇಶದ ಒಂದು ಸಂಗತಿ ತೋರಿಸಿದರು. ಇಂಗ್ಲೆಂಡಿನ ಬೀಟಲ್ಸ್ ಅನ್ನೋ ನಾಲ್ವರ ಮೇಳ 1967ರಲ್ಲಿ 'ಸಾರ್ಜೆಂಟ್ ಪೆಪ್ಪರ್' ಅಂತ ಒಂದು ತಟ್ಟೆ ತಂದಿತ್ತು. ಜಗತ್ತಿನಲ್ಲೆಲ್ಲಾ ಹೆಸರಾದದ್ದು. ಐವತ್ತು ವರ್ಷ ತುಂಬಿದಾಗ, 2017ರಲ್ಲಿ, ಅದನ್ನು ದೊಡ್ಡ ಪೆಟ್ಟಿಗೆ ಮಾಡಿ ಮತ್ತೆ ತಂದರು. ಒಳಗೆ ಆರು ತಟ್ಟೆ, 144 ಪುಟದ ಪುಸ್ತಕ. ಮೊದಲು ಹಾಡು ಕಟ್ಟಿಸಿದವರು ಜಾರ್ಜ್ ಮಾರ್ಟಿನ್, ಹೊಸದಾಗಿ ದನಿ ಹೊಂದಿಸಿದವರು ಅವರ ಮಗ ಜೈಲ್ಸ್ ಮಾರ್ಟಿನ್. ಅದರಲ್ಲಿ ನನಗೆ ಹಿಡಿಸಿದ್ದು ಬೇರೆ. ಹಾಡು ಪೂರ್ತಿ ಆಗೋ ಮೊದಲು ಅವರು ಹಾಡಿ ನೋಡಿದ್ದು, ನಡುವೆ ಮಾತಾಡಿದ್ದು, ಮತ್ತೆ ಎತ್ತಿದ್ದು, ಅದನ್ನೂ ತಟ್ಟೆಗೆ ಹಾಕಿದ್ದಾರೆ. ದೊಡ್ಡ ರೊಕ್ಕ ಕೊಟ್ಟು ಮಂದಿ ಕೊಳ್ಳುವುದು ಅದಕ್ಕೇ ಅಂತೆ.

ಕೇಳಿ ನನಗೆ ನಗು ಬಂತು. ನಮ್ಮ ಭಜನೆಯಲ್ಲಿ ಪುಕ್ಕಟೆ ಸಿಗೋದನ್ನು ಅವರು ಪೆಟ್ಟಿಗೆ ಮಾಡಿ ಮಾರುತ್ತಾರೆ. ಒಂದೇ ಹಾಡು ಒಂದೊಂದು ರಾತ್ರಿ ಒಂದೊಂದು ಥರ, ನಡುವೆ ಮಾತು, ಕೆಮ್ಮು, ನಗು. ಗುರುಗಳ ಆ ಎರಡು ನಿಮಿಷ ಇಂಗ್ಲೆಂಡಿನವರ ಲೆಕ್ಕದಲ್ಲಿ ಬಂಗಾರ. ನಮ್ಮ ಪೆಟ್ಟಿಗೆ ಮಾಡುವವರು ಅಂಥಾದ್ದನ್ನೇ ಕಸ ಅಂತ ಗುಡಿಸಿ ಹಾಕಿದ್ದಾರೆ.

ಇನ್ನೊಂದು ಸಂಗತಿ ಹಾರ್ಮೋನಿಯಂ ಅಣ್ಣನ ಪ್ರಶ್ನೆಗೆ ಸೇರಿದ್ದು. ಆ 1967ರ ತಟ್ಟೆಯಲ್ಲಿ ಜಾರ್ಜ್ ಹ್ಯಾರಿಸನ್ ಅವರ ಒಂದು ಹಾಡಿಗೆ ಲಂಡನ್ನಿನಲ್ಲಿದ್ದ ನಮ್ಮ ದೇಶದವರು ದಿಲ್ರುಬಾ, ತಂಬೂರಿ, ತಬಲಾ ನುಡಿಸಿದ್ದರು. ತಟ್ಟೆಯ ಮೇಲೆ ಅವರ ಹೆಸರು ಹಾಕಿರಲಿಲ್ಲ. ಐವತ್ತು ವರ್ಷ ಯಾರಿಗೂ ಗೊತ್ತಿರಲಿಲ್ಲ. 2017ರಲ್ಲಿ ಹುಡುಕಿ ತೆಗೆದರು: ಅನ್ನಾ ಜೋಷಿ, ಅಮೃತ್ ಗಜ್ಜರ್, ಬುದ್ಧದೇವ ಕಂಸಾರ, ನಟವರ ಸೋನಿ. ಮೇಷ್ಟ್ರು ಈ ನಾಲ್ಕು ಹೆಸರು ಓದಿ ಹೇಳಿದಾಗ ಹಾರ್ಮೋನಿಯಂ ಅಣ್ಣ ಕೈ ಎತ್ತಿ ಮುಗಿದ. ಅಷ್ಟು ದೊಡ್ಡ ಮೇಳದಲ್ಲೇ ಹೀಗಾದರೆ ನಮ್ಮದೇನು ಅಂತ ಕೇಳಬಹುದು. ನಾನು ಅನ್ನೋದು, ಅವರು ತಡವಾದರೂ ಹುಡುಕಿದರು. ಶರೀಫರ ಕ್ಯಾಸೆಟ್ಟಿಗೆ ತಬಲಾ, ಕೊಳಲು, ಹಾರ್ಮೋನಿಯಂ ನುಡಿಸಿದವರಲ್ಲಿ ಇನ್ನೂ ಬದುಕಿರುವವರು ಇರಬಹುದು. ಮತ್ತೆ ಅಚ್ಚು ಹಾಕುವಾಗ ಒಂದು ಹಾಳೆ ಹೆಚ್ಚು ಹಾಕಿದ್ದರೆ ಏನು ಖರ್ಚು ಆಗುತ್ತಿತ್ತು?

ನನ್ನ ಮಾತಿಗೆ ಎದುರು ಮಾತುಗಳೂ ಬಂದವು. ಹುಡುಗ, "ತಾತಾ, ನೀ ಹೇಳಿದಂಗ ಕೆಮ್ಮು, ಮಾತು, ನಾಕು ಥರದ ಮಟ್ಟು ಹಾಕಿದ್ರ ಯಾರು ಕೊಳ್ತಾರ? ಕಂಪನಿಯವ್ರೂ ಬದುಕಬೇಕಲ್ಲ" ಅಂದ. ಖರೇ. ಆದರೆ ಬರೀ ಹಾಡೇ ಬೇಕಾದವನಿಗೆ ಅದು ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ರೊಕ್ಕ ಕೊಟ್ಟು ಪೆಟ್ಟಿಗೆ ಕೊಳ್ಳುವವನು ಹೆಚ್ಚಿನದನ್ನು ಕೇಳುವವನು. ಅವನಿಗೆ ರಟ್ಟು ದಪ್ಪ ಮಾಡಿ ಕೊಟ್ಟರೆ ಸಾಕೇನು?

ಮೇಷ್ಟ್ರ ಮಾತು ಇನ್ನೂ ತೂಕದ್ದು. "ಮಕ್ಕಳಿಗೆ ಕಲಿಸೋವಾಗ ಒಂದು ಮಟ್ಟು ಗಟ್ಟಿ ಇರಬೇಕು, ಇಲ್ಲಾಂದ್ರ ಗೊಂದಲ ಆಗ್ತದ. ಅಶ್ವಥ್ ಮಟ್ಟು ಎಲ್ಲರಿಗೂ ಬರ್ತದ, ನೂರು ಮಕ್ಕಳು ಕೂಡಿ ಹಾಡ್ಬಹುದು" ಅಂದರು. ಇದನ್ನು ನಾನು ಒಪ್ಪುತ್ತೀನಿ. ಕೂಡಿ ಹಾಡಲು ಒಂದು ಮಟ್ಟು ಬೇಕು. ಒಬ್ಬನೇ ಹಾಡುವವನಿಗೆ ತನ್ನ ಊರಿನ ಮಟ್ಟಿಗೆ ಎಡೆ ಇರಬೇಕು. ಸ್ಪರ್ಧೆಗಳಲ್ಲಿ ಇಷ್ಟು ಮಾಡಿದರೆ ಸಾಕು: ಮಟ್ಟು ಬೇರೆ ಬಂದರೆ ತಪ್ಪು ಅನ್ನಬ್ಯಾಡ್ರಿ, "ಇದು ಯಾರಿಂದ ಕಲಿತೆಯಮ್ಮ" ಅಂತ ಕೇಳ್ರಿ. ಮಗು ಒಂದು ಹೆಸರು ಹೇಳುತ್ತದೆ. ಆ ಹೆಸರು ಬರೆದಿಟ್ಟುಕೊಳ್ರಿ.

ಶರೀಫರೇ ಇದ್ದಿದ್ದರೆ ಈ ಪೆಟ್ಟಿಗೆ ನೋಡಿ ಏನು ಅಂತಿದ್ದರು? ಅವರು ಯಂತ್ರ ಕಂಡು ಹೆದರಿದವರಲ್ಲ. ಗಿರಣಿ ನೋಡಿ ಅದರ ಮೇಲೂ ಪದ ಕಟ್ಟಿದವರು. ಪೆನ್ ಡ್ರೈವಿನ ಮೇಲೂ ಕಟ್ಟುತ್ತಿದ್ದರು. ಇಷ್ಟು ಸಣ್ಣ ಕಡ್ಡಿಯೊಳಗೆ ಇಷ್ಟು ಪದ ಹೆಂಗೆ ಕೂತವು ಅಂತ ಕೇಳಿ, ಆಮೇಲೆ ಇಷ್ಟು ಸಣ್ಣ ದೇಹದೊಳಗೆ ಏನು ಕೂತಿದೆ ಅಂತ ತಿರುಗಿಸುತ್ತಿದ್ದರು. ಯಂತ್ರ ಕೆಟ್ಟದ್ದು ಅಂತ ನಾನೂ ಅನ್ನೋದಿಲ್ಲ. ಕರ್ನಾಟಕದಲ್ಲಿ ಕನಕದಾಸರ ಹೆಸರಿನ ಅಧ್ಯಯನ ಕೇಂದ್ರದವರು ತತ್ವಪದಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದ್ದಾರೆ. ಪುಣ್ಯದ ಕೆಲಸ. ಆದರೆ ಪುಸ್ತಕದಲ್ಲಿ ಮಾತು ನಿಲ್ಲುತ್ತದೆ, ಮಟ್ಟು ನಿಲ್ಲೋದಿಲ್ಲ. ಮಟ್ಟಿಗೆ ಯಂತ್ರವೇ ಬೇಕು.

ಹಾಗಾದರೆ ಪೆಟ್ಟಿಗೆ ಕೊಳ್ಳಬೇಕೋ ಬ್ಯಾಡವೋ ಅಂತ ಕೇಳಿದರೆ: ಮಾತು ಸ್ಪಷ್ಟ ಬೇಕು ಅನ್ನುವವರು, ಮಕ್ಕಳಿಗೆ ಕಲಿಸುವವರು ವಾಚನಾಲಯಕ್ಕೆ ಬಂದು ಕೇಳ್ರಿ, ಮನೆಗೊಂದು ಕೊಳ್ಳುವ ಅಗತ್ಯ ಇಲ್ಲ. ಹಳೇ ಕ್ಯಾಸೆಟ್ಟು ಇದ್ದವರು ಎಸೆಯಬ್ಯಾಡ್ರಿ. ಅಂಕಿತದಲ್ಲಿ ದನಿ ತಗ್ಗುವುದು ಅದರಲ್ಲೇ ಇದೆ. ಮುಖ್ಯವಾಗಿ, ಯಾವ ಮನೆಯ ಅಟ್ಟದಲ್ಲಾದರೂ ಹೆಸರು ಬರೆಯದ ಟೇಪು ಇದ್ದರೆ ಪೂರ್ತಿ ಕೇಳದೆ ಬಿಸಾಡಬ್ಯಾಡ್ರಿ. ಸಿನಿಮಾ ಹಾಡು ಮುಗಿದ ಮೇಲೆ ಎರಡು ನಿಮಿಷ ನಿಮ್ಮ ಅಜ್ಜ ಇದ್ದರೂ ಇರಬಹುದು.

ಮೇಷ್ಟ್ರು, ಆ ಹುಡುಗ ಕೂಡಿ ಒಂದು ಕೆಲಸ ಶುರು ಮಾಡಿದ್ದಾರೆ. ಸುತ್ತಲ ಊರುಗಳಲ್ಲಿ ತತ್ವಪದ ಹಾಡುವ ಮುದುಕ ಮುದುಕಿಯರ ಹತ್ತಿರ ಹೋಗಿ ಫೋನಿನಲ್ಲಿ ತುಂಬಿಕೊಂಡು ಬರೋದು. ಒಂದು ನಿಯಮ ಮಾಡಿದ್ದೇವೆ: ಹಾಡು ಮುಗಿದ ಕೂಡಲೆ ಫೋನು ಬಂದ್ ಮಾಡಬಾರದು. ಅವರು ನೀರು ಕುಡಿದು, ಅರ್ಥ ಹೇಳಿ, ಯಾರಿಂದ ಕಲಿತೆ ಅಂತ ಹೇಳುವ ತನಕ ಅದು ತಿರುಗುತ್ತಾ ಇರಬೇಕು. ತಾಳ ಹಾಕಿದವರ ಹೆಸರೂ ಬರೆದುಕೊಳ್ಳಬೇಕು. ಇಲ್ಲಿಯವರೆಗೆ ಏಳು ಜನರದು ಆಗಿದೆ. ಮೊನ್ನೆ ಪಕ್ಕದ ಊರಿನ ಒಬ್ಬ ಅಜ್ಜಿ ಸೋರುವ ಮಾಳಿಗೆ ಪದ ಹಾಡಿದಳು. ನನ್ನ ಗುರುಗಳ ಮಟ್ಟು ಅಲ್ಲ ಅದು, ಅಶ್ವಥ್ ಅವರದೂ ಅಲ್ಲ. ಮೂರನೇದು.